ಜೋಡಿ ಸೈಕಲ್ಲಿನ ಹಿಂದಿನ ಸೀಟು

ನದಿ ದಂಡೆಯ ವಸತಿಗೃಹ,
ಬುಧವಾರ ಬೆಳಗ್ಗೆ

ಮುದ್ದು ಪುಟ್ಟಿಗೆ,

ಅಮ್ಮನ ಮುತ್ತುಗಳು. ನೀನು ಸಿಟ್ಟಾಗಿದ್ದೀಯ, ಗೊತ್ತು. ನಿನ್ನೆ ಫೋನಿನಲ್ಲಿ "ಅಮ್ಮ, ನಿಂಗೆ ತಲೆ ನೆಟ್ಟಗಿದೆಯಾ? ಕಣ್ಣಿಲ್ಲದೋರನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಊರೂರು ಸುತ್ತೋದಾ?" ಎಂದೆಯಲ್ಲ, ಆಗ ನಾನು ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ನಿನ್ನ ಪ್ರಶ್ನೆಗಳೆಲ್ಲ ಸರಿಯಾಗಿಯೇ ಇರುತ್ತವೆ ಪುಟ್ಟಿ, ಅದೇ ನನ್ನ ಕಷ್ಟ. ಅದಕ್ಕೇ ಈ ಕಾಗದ.

ನೀನು ತಿಂಗಳಿಗೊಮ್ಮೆ ಬಂದಾಗ ನಿಮ್ಮಪ್ಪ ಅಂಗಿ ಬದಲಾಯಿಸಿ, ಗಡ್ಡ ತೆಗೆದು, ನಗುತ್ತಾ ಕೂರುತ್ತಿದ್ದರು. ನೀನು ಹೋದ ಮೇಲಿನ ಮನುಷ್ಯನನ್ನು ನೀನು ನೋಡಿಲ್ಲ. ಅಡುಗೆಮನೆಯ ಮೂಲೆಯ ಕುರ್ಚಿಯಲ್ಲಿ ಕೂತರೆ ಸಂಜೆಯವರೆಗೆ ಅಲ್ಲೇ. ರೇಡಿಯೋ ಹಾಕಿದರೆ "ಆರಿಸು" ಎನ್ನುವರು. ಜೀವಮಾನವಿಡೀ ಬಸ್ಸು ಓಡಿಸಿದವರು, ಕಣ್ಣು ಹೋದ ಮೇಲೆ ಬಚ್ಚಲಿಗೆ ಹೋಗಲೂ ನನ್ನ ಭುಜ ಹಿಡಿಯಬೇಕಲ್ಲ ಎಂಬ ಸಂಕಟಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ನೀನು ನಮಗೆಂದು ನಿಮ್ಮ ಮನೆಯ ಕೆಳಗಿನ ಕೋಣೆ ಸಿದ್ಧ ಮಾಡಿದ್ದೀಯ. ಒಳ್ಳೆಯ ಮನಸ್ಸು ನಿನ್ನದು. ಆದರೆ ಅದು ಇನ್ನೊಂದು ಮೂಲೆ, ಇನ್ನೊಂದು ಕುರ್ಚಿ ಆಗುತ್ತಿತ್ತು.

ನನ್ನ ಹೊಲಿಗೆ ಅಂಗಡಿಯ ಎದುರು ಸೈಕಲ್ ಬಾಡಿಗೆಗೆ ಕೊಡುವ ಹೆಂಗಸಿದ್ದಾಳೆ. ಅವಳಲ್ಲಿ ಒಂದು ಜೋಡಿ ಸೈಕಲ್ ಇತ್ತು. ಉದ್ದನೆಯ ಚೌಕಟ್ಟು, ಎರಡು ಸೀಟು, ಎರಡು ಜೊತೆ ಪೆಡಲು. ಹ್ಯಾಂಡಲ್ ತಿರುಗಿಸುವವರು ಮುಂದೆ, ಹಿಂದೆ ಕೂತವರು ತುಳಿದರೆ ಸಾಕು. ಅದನ್ನು ಕಂಡಾಗಲೇ ನನಗೆ ಹೊಳೆದದ್ದು. ಆದರೆ ಹುಟ್ಟಿದಾಗಿನಿಂದ ನಾನು ಸೈಕಲ್ ತುಳಿದವಳಲ್ಲ. ಸಂತೆ ಮೈದಾನದಲ್ಲಿ ಅವಳು ಹಿಂದೆ ಹಿಡಿದುಕೊಂಡು ಓಡುತ್ತಾ ಕಲಿಸಿದಳು. ನನ್ನ ಮೊಣಕಾಲು ನೋಡಿದ್ದರೆ ನೀನು ಅಂದೇ ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಿದ್ದೆ.

ಈ ಕಣಿವೆಯಲ್ಲಿ ಹಿಂದೆ ರೈಲು ಓಡುತ್ತಿತ್ತಂತೆ. ಹಳಿ ಕಿತ್ತು, ಆ ದಾರಿಯನ್ನೇ ಸೈಕಲ್ಲಿನವರಿಗೆ ಬಿಟ್ಟಿದ್ದಾರೆ. ನದಿ ಎಲ್ಲಿ ಹೋದರೆ ದಾರಿಯೂ ಅಲ್ಲಿಗೇ. ಲಾರಿ ಇಲ್ಲ, ಬಸ್ಸಿಲ್ಲ. ತಿರುವಿನಲ್ಲೆಲ್ಲ ನೀಲಿ ಫಲಕ. ನನ್ನಂಥ ಹೊಸಬಳಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗದು. "ಗಾಳಿ ಬದಲಾವಣೆಗೆ" ಎಂದು ಹೇಳಿ ಕರೆತಂದೆ. ದಾರಿ ಶುರುವಾಗುವ ಹಳೆಯ ರೈಲು ನಿಲ್ದಾಣದಲ್ಲಿ, ಮೊದಲೇ ಕಳಿಸಿದ್ದ ಸೈಕಲ್ಲಿನ ಮೇಲೆ ಅವರ ಕೈಯನ್ನಿಟ್ಟೆ. ಹಿಂದಿನ ಸೀಟಿನಿಂದ ಮುಂದಿನ ಹ್ಯಾಂಡಲ್‌ವರೆಗೆ ಸವರಿದರು. "ಮುಂದೆ ಯಾರು ಕೂರೋದು?" ಎಂದರು. "ನಾನೇ" ಅಂದೆ. "ದೇವರೇ ಕಾಪಾಡಬೇಕು" ಎಂದು ಹತ್ತಿದರು. ಹತ್ತಿದರು ಪುಟ್ಟಿ, ನಾನು ಬಲವಂತ ಮಾಡಲಿಲ್ಲ.

ಮೊದಲ ದಿನ ನಾವು ಸೈಕಲ್ ತುಳಿದದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಕಾಣುವುದನ್ನೆಲ್ಲ ಹೇಳುತ್ತಾ ಹೋಗಬೇಕು ಎಂದು ಸೈಕಲ್ಲಿನವಳು ಹೇಳಿಕೊಟ್ಟಿದ್ದಳು. ನಾನು "ಮರ" ಅಂದೆ. ಸ್ವಲ್ಪ ದೂರ ಹೋಗಿ "ಇನ್ನೊಂದು ಮರ" ಅಂದೆ. "ಏನೇ, ಮರ ಲೆಕ್ಕ ಹಾಕೋಕೆ ಕರ್ಕೊಂಡು ಬಂದ್ಯಾ?" ಎಂದರು. ಆಮೇಲೆ ನನಗೆ ಬರುವ ಭಾಷೆಯಲ್ಲೇ ಹೇಳತೊಡಗಿದೆ. ಹೊಳೆ ಇವತ್ತು ಹಳೇ ಕೋಟಿನ ಲೈನಿಂಗ್ ಬಟ್ಟೆ ಥರ ಬೂದಿ ಬಣ್ಣ, ಮಧ್ಯೆ ಮಧ್ಯೆ ಮಿಂಚುತ್ತೆ. ಆಚೆ ದಡದ ಹೊಲಗಳು ತುಂಡು ಬಟ್ಟೆ ಜೋಡಿಸಿ ಹೊಲಿದ ಹಾಗಿವೆ, ಒಂದು ಕಡೆ ಹೊಲಿಗೆ ಬಿಚ್ಚಿ ಕುರಿಗಳು ಹೊರಗೆ ಬಂದಿವೆ. ಹಿಂದಿನಿಂದ ನಗು ಕೇಳಿಸಿತು. ಎಷ್ಟು ಕಾಲವಾಗಿತ್ತು ಆ ಸದ್ದು ಕೇಳಿ! ನನ್ನ ಕಣ್ಣು ಮಂಜಾಗಿ, ಇದ್ದ ಎರಡು ಕಣ್ಣೂ ಕೆಲಸಕ್ಕೆ ಬಾರದೆ, ನೇರ ಹುಲ್ಲಿಗೆ ನುಗ್ಗಿಸಿದೆ.

ಸೋಮವಾರ ಬಿದ್ದೆವು. ನಿನಗೆ ಹೇಳಬಾರದು ಅಂತಿದ್ದೆ, ಆದರೆ ಅವರ ಹಣೆಯ ಗಾಯ ಬಚ್ಚಿಡುವುದು ಹೇಗೆ? ದಾರಿಯಲ್ಲಿ ಒಂದು ಕಡೆ ನದಿ ದಾಟಬೇಕು. ಸೇತುವೆ ಇಲ್ಲ, ದೋಣಿ. ದೋಣಿಕಟ್ಟೆಗೆ ಇಳಿಜಾರು. "ಹಿಂದಿನ ಬ್ರೇಕು, ಹಿಂದಿನದು!" ಎಂದು ಅವರು ಕೂಗುತ್ತಲೇ ಇದ್ದರು. ಗಾಬರಿಯಲ್ಲಿ ನಾನು ಮುಂದಿನದನ್ನೇ ಹಿಚುಕಿದೆ. ಇಬ್ಬರೂ ಪೊದೆಯೊಳಗೆ. ನನಗೆ ತರಚು ಗಾಯ, ಅವರಿಗೆ ಹುಬ್ಬಿನ ಮೇಲೆ ಸಣ್ಣದಾಗಿ ಹರಿದಿತ್ತು, ಸೈಕಲ್ಲಿನ ಚೈನು ಕಳಚಿತ್ತು.

ಅವರು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಸಾಕು ಕಣೇ. ಒಂದು ಮೂಟೆ ಕಟ್ಕೊಂಡು ಎಷ್ಟು ದೂರ ಅಂತ ತುಳಿತೀಯ? ನನ್ನ ಇಲ್ಲೇ ಬಿಟ್ಟು ಹೋಗು" ಎಂದರು. ನನಗೂ ಮೈಯೆಲ್ಲ ನೋವು, ಸೋತುಹೋಗಿದ್ದೆ. "ಹಾಗಾದ್ರೆ ಇಲ್ಲೇ ಕೂತಿರಿ" ಎಂದು ಹೇಳಿ, ದೋಣಿಯವಳನ್ನು ಕರೆಯಲು ಹೋದೆ.

ಅವಳ ಜೊತೆ ಮರಳಿ ಬಂದಾಗ ಸೈಕಲ್ ಒಂದೇ ಬಿದ್ದಿತ್ತು.

ಪೊದೆಗಳ ನಡುವೆ ಹುಲ್ಲು ತುಳಿದ ಗುರುತು ಕೆಳಗೆ ಹೊಳೆಯ ಕಡೆಗೇ ಹೋಗಿತ್ತು. ನಾನು ಓಡಿದೆ. ಅವರು ನೀರಿನಲ್ಲಿದ್ದರು, ಸೊಂಟದವರೆಗೆ, ಬೆನ್ನು ಈ ಕಡೆಗೆ. ನನ್ನ ಬಾಯಿಗೆ ಬೇರೇನೂ ಬರಲಿಲ್ಲ. "ಎಡಕ್ಕೆ! ರೀ, ಎಡಕ್ಕೆ ತಿರುಗಿ, ಎಡಕ್ಕೆ!" ಎಂದು ಕೂಗಿದೆ. ದಾರಿಯುದ್ದಕ್ಕೂ ಕೂಗಿ ಕೂಗಿ ಅದೇ ಅಭ್ಯಾಸವಾಗಿತ್ತು. ಅವರು ಒಂದು ಗಳಿಗೆ ನಿಂತರು. ಮುಖ ನನ್ನ ಕಡೆಗೆ ಬರುವವರೆಗೂ ಎಡಕ್ಕೆ ತಿರುಗಿದರು. "ನೇರ" ಎಂದೆ. ನೇರ ಬಂದರು. ನಾನು ಚಪ್ಪಲಿ ಸಮೇತ ಇಳಿದು ಕೈ ಹಿಡಿದೆ.

ಗಾಯ ತೊಳೆಯಲು ಇಳಿದಿದ್ದರಂತೆ. ಹಣೆ ತೊಳೆಯಲು ಅಷ್ಟು ಒಳಗೆ ಹೋಗಬೇಕಿತ್ತೇ ಎಂದು ನೀನಾದರೆ ಕೇಳುತ್ತಿದ್ದೆ. ನಾನು ಕೇಳಲಿಲ್ಲ.

ದೋಣಿಯವಳು ಗಟ್ಟಿಗಿತ್ತಿ. ಕಂಬಳಿ ಹೊದಿಸಿ, ಬಿಸಿ ಚಹಾ ಕೊಟ್ಟು, ಚೈನು ಕೂರಿಸಿ, ನಮ್ಮನ್ನೂ ಸೈಕಲ್ಲನ್ನೂ ದೋಣಿಗೆ ಹತ್ತಿಸಿದಳು. ಈ ದಡದಿಂದ ಆ ದಡಕ್ಕೆ ದಪ್ಪ ಹಗ್ಗ ಕಟ್ಟಿದೆ, ಅದನ್ನು ಜಗ್ಗಿದರೆ ದೋಣಿ ಸಾಗುತ್ತದೆ. ನಿಮ್ಮಪ್ಪ ಬಸ್ಸು ಓಡಿಸುತ್ತಿದ್ದವರು ಎಂದು ಮಾತಿಗೆ ಹೇಳಿದೆ. "ಹಾಗಾದ್ರೆ ಸುಮ್ನೆ ಯಾಕೆ ಕೂತಿದೀರಿ? ನನ್ನ ರಟ್ಟೆ ಬಿದ್ದುಹೋಗಿದೆ, ಹಿಡೀರಿ ಇದನ್ನ" ಎಂದು ಹಗ್ಗವನ್ನು ಅವರ ಕೈಗೆ ಕೊಟ್ಟೇಬಿಟ್ಟಳು. ಅವರು ಎದ್ದು ನಿಂತರು. ಎರಡು ಎಳೆತ ತಪ್ಪಿತು, ಮೂರನೆಯದಕ್ಕೆ ಲಯ ಸಿಕ್ಕಿತು. ದೋಣಿಯಲ್ಲಿ ಕುರಿಗಳ ಜೊತೆ ನಿಂತಿದ್ದ ಮುದುಕ "ಡ್ರೈವರ್ರೇ, ನಿಧಾನ! ನನ್ನ ಕುರಿಗೆ ತಲೆ ಸುತ್ತುತ್ತೆ" ಎಂದ. "ಮುಂದಿನ ಸೀಟು ಖಾಲಿ ಇದೆ, ಅಲ್ಲಿ ಕೂರ್ಸಿ" ಎಂದರು ನಿಮ್ಮಪ್ಪ. ಪುಟ್ಟಿ, ಆ ದನಿ ನೀನು ಕೇಳಬೇಕಿತ್ತು. ಬೆಳಗಿನ ಬಸ್ಸಿನಲ್ಲಿ ಜನರನ್ನು ಒಳಗೆ ಸರಿಸುತ್ತಿದ್ದರಲ್ಲ, ಅದೇ ದನಿ.

ನಿನ್ನೆ ನದಿ ಎರಡಾಗಿ ಸೀಳುವ ಜಾಗದ ತನಕ ತುಳಿದೆವು. ಈಗ ತಿರುವು ಬರುವ ಮೊದಲೇ ಅವರಿಗೆ ತಿಳಿಯುತ್ತದೆ. ನನ್ನ ಬೆನ್ನು ವಾಲುವುದು ಗೊತ್ತಾಗುತ್ತದಂತೆ. ನೀನು ಶನಿವಾರ ಬಂದು ಕರೆದೊಯ್ಯುತ್ತೇನೆ ಎಂದಿದ್ದೀಯ. ಬೇಡ ಕಂದ. ಕಣಿವೆ ಇನ್ನೂ ಅರ್ಧ ಉಳಿದಿದೆ. ಆ ಕೋಣೆಯಲ್ಲಿ ನಿನ್ನ ಪುಸ್ತಕಗಳನ್ನು ಇಟ್ಟುಕೋ. ನಾವು ನೆಂಟರಾಗಿ ಬರುತ್ತೇವೆ, ಬಂದಷ್ಟೇ ಬೇಗ ಹೊರಡುತ್ತೇವೆ.

ಕೋಪ ಇಳಿದ ಮೇಲೆ ಫೋನ್ ಮಾಡು. ಈ ಸಲ ಸಿಗ್ನಲ್ ಇರುತ್ತದೆ.

ನಿನ್ನ,
ಅಮ್ಮ

ಮ. ವಿ.: ಪುಟ್ಟಿ, ಇದು ಅಪ್ಪ. ಅಡಿಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದೇನೆ, ಸಾಲು ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿಕೊಂಡು ಓದು. ಕಾಗದವನ್ನು ನಿಮ್ಮಮ್ಮ ನನಗೆ ಓದಿ ಹೇಳಿ, ಚಕ್ರಕ್ಕೆ ಗಾಳಿ ಹಾಕಲು ಅಂಗಳಕ್ಕೆ ಹೋಗಿದ್ದಾಳೆ. ಪಂಪಿನ ಸದ್ದು ನಿಲ್ಲುವುದರೊಳಗೆ ಮುಗಿಸಬೇಕು. ನಾನು ಇಳಿದದ್ದು ಗಾಯ ತೊಳೆಯಲಿಕ್ಕಲ್ಲ. ಅದು ಅವಳಿಗೂ ಗೊತ್ತು, ಅವಳಿಗೆ ಗೊತ್ತೆಂದು ನನಗೂ ಗೊತ್ತು. ನಾವಿಬ್ಬರೂ ಅದರ ಮಾತೆತ್ತಿಲ್ಲ. ನಿನಗೆ ಹೇಳುತ್ತಿರುವುದು ಹೆದರಿಸಲಿಕ್ಕಲ್ಲ, ಅದು ಮುಗಿಯಿತು ಎನ್ನಲಿಕ್ಕೆ. ಎಡಕ್ಕೆ ಎಂದಳು, ತಿರುಗಿದೆ. ಇವತ್ತಿನ ದಾರಿಯೆಲ್ಲ ಏರು ಅಂತೆ. ಹಿಂದಿನವನು ತುಳಿಯದಿದ್ದರೆ ಅವಳೊಬ್ಬಳಿಂದ ಆಗುವುದಿಲ್ಲ. ಸದ್ದು ನಿಂತಿತು. ಹೊರಡುತ್ತೇನೆ.