ಹಲಗೇರಿಯ ಕುಲುಮೆ ಹೊತ್ತಿತು, ಕಾಕಾ

ಪ್ರೀತಿಯ ಕಾಕಾ,

ನಿನ್ನ ಕುಲುಮೆಗೆ ನಿನ್ನೆ ಮತ್ತೆ ಬೆಂಕಿ ಹಾಕಿದೆವು. ಇದನ್ನು ಹೇಳಲು ಯಾರ ಬಳಿ ಓಡಲಿ? ನೀನು ತೀರಿಹೋದ ಮೇಲೆ ಇಂಥ ಸುದ್ದಿಗೆ ಊಟ ಬಿಟ್ಟು ಎದ್ದು ಬರುವವರು ಹಲಗೇರಿಯಲ್ಲಿ ಉಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೈ ತುಂಬ ಬೊಬ್ಬೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಕಡೆಯ ಸಲ ನೀನು ಕಬ್ಬಿಣ ತೆಗೆದಾಗ ನನಗೆ ಆರು ವರ್ಷ. ಆಳೆತ್ತರದ ಮಣ್ಣಿನ ಗೂಡು, ಅದರ ಬಾಯಿಗೆ ಒಂದು ಬುಟ್ಟಿ ಇದ್ದಿಲು, ಒಂದು ಬುಟ್ಟಿ ಗುಡ್ಡದ ಕಬ್ಬಿಣದ ಕಲ್ಲು. ಕೆಳಗೆ ಆಡಿನ ತೊಗಲಿನ ಎರಡು ತಿದಿ ಗಾಳಿ ಊದುತ್ತಿದ್ದವು. ಕೊನೆಗೇನಾಯಿತು ಎಂದು ನೋಡುವ ಮೊದಲೇ ಅವ್ವ ನನ್ನನ್ನು ಮನೆಗೆ ಎಳೆದೊಯ್ದಳು. ಆಮೇಲೆ ರಾಣೆಬೆನ್ನೂರಿನ ಪೇಟೆಗೆ ವಿಲಾಯತಿ ಕಬ್ಬಿಣದ ಪಟ್ಟಿ ಬಂತು, ರೈತರು ಅದನ್ನೇ ಕೊಂಡರು, ನೀನು ತಿದಿಯನ್ನು ಅಟ್ಟಕ್ಕೆ ಹಾಕಿದೆ. ಸ್ವದೇಶಿ ಕರಪತ್ರಗಳನ್ನು ಓದತೊಡಗಿದ ಮೇಲೆ ನಾನು ನಿನ್ನನ್ನು ಎಷ್ಟು ಚುಚ್ಚಿದ್ದೆ, ಯಾಕೆ ಬಿಟ್ಟುಕೊಟ್ಟೆ ಎಂದು. ಆಗ ನಿನ್ನ ಮನಸ್ಸಿನಲ್ಲಿ ಏನಿತ್ತೋ...

ಹೋದ ತಿಂಗಳು ಬ್ಯಾಡಗಿ ರಸ್ತೆಯ ಗುತ್ತೇದಾರ ಬಂದ. ನಿಮ್ಮ ತಲೆಮಾರುಗಳೆಲ್ಲ ಕಬ್ಬಿಣ ತೆಗೆದು ಸುರಿದ ಕಿಟ್ಟದ ರಾಶಿ ಅವನ ಕಣ್ಣಿಗೆ ಬಿತ್ತು. ರಸ್ತೆಗೆ ಒಳ್ಳೆಯ ಖಡಿಯಾಗುತ್ತದೆ, ಗೂಡನ್ನೂ ಕೆಡವಿ ಒಯ್ಯುತ್ತೇನೆ ಎಂದ. ನಾನು ಚಾವಡಿಗೆ ಹೋಗಿ ಗೌಡರ ಮುಂದೆ ಅರ್ಧ ತಾಸು ಭಾಷಣ ಮಾಡಿದೆ.

"ನಿನ್ನ ಮಾತಿಗೆ ಕಬ್ಬಣ ಕರಗೂದಾಗಿದ್ರ ಇಷ್ಟೊತ್ತಿಗೆ ಒಂದು ಚಕ್ಕಡಿ ತುಂಬತಿತ್ತು ನೋಡಪಾ," ಎಂದರು ಗೌಡರು. "ಬೆಂಕಿ ಹಾಕಿ ತೋರಸು. ಕಬ್ಬಣ ಬಂದ್ರ ಅದು ಕುಲುಮಿ, ಯಾರೂ ಮುಟ್ಟಂಗಿಲ್ಲ. ಬರಲಿಲ್ಲಂದ್ರ ಮಣ್ಣಿನ ದಿಬ್ಬ, ಅಂವ ಒಯ್ಯಲಿ."

ಕುಲುಮೆಯ ಒಂದು ಹೆಂಟೆ ಮಣ್ಣೂ ಬೀಳಗೊಡುವುದಿಲ್ಲ ಎಂದು ಎಲ್ಲರೆದುರು ಆಣೆ ಮಾಡಿ ಬಂದೆ.

ನಿನ್ನೆ ಹೊತ್ತು ಮೂಡುವಾಗ ಬೆಂಕಿ ಹಾಕಿದೆವು. ನಿನ್ನ ಹೆಂಡತಿ, ನಮ್ಮ ಚಿಗವ್ವ, ಬಿರಿದ ತಿದಿಗಳಿಗೆ ಹೊಸ ತೊಗಲು ಹೊಲಿಸಿದ್ದಳು. ನಾನೂ ಮೂವರು ಗೆಳೆಯರೂ ಪಾಳಿಯಲ್ಲಿ ಊದಿದೆವು. ಮಧ್ಯಾಹ್ನ ಕೆಳಗಿನ ಕಂಡಿಯಿಂದ ಕಿಟ್ಟ ಬೆಲ್ಲದ ಪಾಕದಂತೆ ಹರಿಯಿತು. ಕಬ್ಬಿಣವೂ ಹೀಗೇ ಹರಿದು ಬರುತ್ತದೆ ಎಂದು ದೊಡ್ಡ ಕಾರಖಾನೆಗಳ ಬಗ್ಗೆ ಓದಿದ್ದೆನಲ್ಲ, ಕಂಡಿಯ ಮುಂದೆ ಅಚ್ಚು ಇಟ್ಟುಕೊಂಡು ಕೂತೆ. ಸಂಜೆಗೆ ಉರಿಯ ಬಣ್ಣ ನೋಡಿದ ಚಿಗವ್ವ ಕಬ್ಬಿಣದ ಹಾರೆ ತಂದು ನನ್ನ ಮುಂದೆ ಹಿಡಿದಳು.

"ಮುಂದಿನ ಗ್ವಾಡಿ ಒಡಿ."

ನಾನು ಗೂಡಿಗೆ ಅಡ್ಡ ನಿಂತೆ. "ಉಳಸಾಕ ಇಷ್ಟೆಲ್ಲಾ ಮಾಡೇವಿ, ನೀನ ಒಡಿ ಅಂತೀಯಲ್ಲ ಚಿಗವ್ವ. ಹರದು ಬರಲಿ, ತಡಿ."

"ಹರದು ಬರಾಕ ಅದೇನು ಎಮ್ಮಿ ಹಾಲೇನು? ಒಳಗ ಮುದ್ದಿಯಾಗಿ ಕುಂತೈತಿ. ನಿಮ್ಮ ಕಾಕಾ ಪ್ರತಿ ಸಲಾನೂ ಒಡದ ತಗದಾರ, ಮತ್ತ ಕಟ್ಯಾರ. ಆರಿ ಹೋತಂದ್ರ ಅಲ್ಲೇ ಕಚಗೊಂಡು ಗೂಡ ಪೂರಾ ಹಾಳಾಕ್ಕೈತಿ. ನಿನ್ನ ಆಣಿ ದೊಡ್ಡದೋ, ಕುಲುಮಿ ದೊಡ್ಡದೋ?"

ಕಬ್ಬಿಣ ಬರುತ್ತದೋ ಇಲ್ಲವೋ ಎಂದು ಬಂದಿದ್ದ ಗೌಡರು ನೋಡುತ್ತಿದ್ದರು. ಗುತ್ತೇದಾರ ನಗುತ್ತಿದ್ದ. ಹಾರೆ ಇಸಿದುಕೊಂಡೆ, ಕಾಕಾ. ಮೊದಲ ಏಟಿಗೆ ಬಿರುಕು ಬಿತ್ತು. ಮೂರನೆಯದಕ್ಕೆ ಗೋಡೆ ಕುಸಿಯಿತು. ಒಳಗೆ ಕುಂಬಳಕಾಯಿಯಷ್ಟು ದೊಡ್ಡ ಮುದ್ದೆ, ಕೆಂಡಕ್ಕಿಂತ ಕೆಂಪಗೆ. ನಾವು ಕರೆಸಿದ್ದ ಊರ ಕಮ್ಮಾರ ಇಕ್ಕಳದಿಂದ ಎಳೆದು ಬಡಿದ. ಬಡಿದಂತೆಲ್ಲ ಕಿಟ್ಟ ಕಿಡಿಯಾಗಿ ಹಾರಿತು, ಉಳಿದದ್ದು ಗಣ್ಣೆನ್ನತೊಡಗಿತು. ನೀನಿದ್ದಿದ್ದರೆ...

ಗೌಡರು ಬಾಗಿ ನೋಡಿ, "ಖರೇನ ಕಬ್ಬಣ," ಎಂದರು. ಗುತ್ತೇದಾರನ ಕಡೆ ತಿರುಗಿ, "ನಿಮ್ಮ ಚಕ್ಕಡಿ ಹೊಳ್ಳಿಸ್ರಿ," ಎಂದರು.

ಇವತ್ತು ಮುಂಜಾನೆ ಬೇಲಿಗೆಂದು ತಂದಿಟ್ಟಿದ್ದ ಜಾಲಿಯ ಗೂಟಗಳನ್ನೆಲ್ಲ ಇದ್ದಿಲು ಸುಡುವವರಿಗೆ ಕೊಟ್ಟುಬಿಟ್ಟೆ. ಸುತ್ತ ಬೇಲಿ ಹಾಕಿ ಕಾಯ್ದರೆ ಕುಲುಮೆ ಉಳಿಯುತ್ತದೆ ಎಂದು ತಿಳಿದಿದ್ದೆನಲ್ಲ, ಎಂಥ ದಡ್ಡ! ಆಮೇಲೆ ಚಿಗವ್ವನೂ ನಾನೂ ಕೆರೆಯ ಮಣ್ಣಿಗೆ ಹೊಟ್ಟು ಬೆರೆಸಿ ತುಳಿದು, ಹೊಸ ಮುಂಗೋಡೆ ಏರಿಸಿದೆವು. ಸ್ವಲ್ಪ ಎಡಕ್ಕೆ ವಾಲಿದೆ. ಅದು ಒಣಗಲಿ. ಯುಗಾದಿಯೊಳಗೆ ಮತ್ತೆ ಬೆಂಕಿ ಹಾಕುತ್ತೇನೆ, ಸಂಜೆ ಚಿಗವ್ವ ಹೇಳುವ ಮೊದಲೇ ನಾನೇ ಆ ಗೋಡೆ ಒಡೆಯುತ್ತೇನೆ.

ನಿನ್ನ
ಬಸು