ನಿಮ್ಮ ಪರವಾಗಿ ಸತ್ತಾರ್ ಚಾಚಾ

ಅಬ್ಬಾ,

ನನ್ನ ನಿಕಾಹ್‌ಗೆ ನೀವು ಬರುವುದಿಲ್ಲ. ನಿಮ್ಮ ಪರವಾಗಿ ಸತ್ತಾರ್ ಚಾಚಾ ವಲಿಯಾಗಿ ನಿಂತು ನನ್ನನ್ನು ಉವೈಸ್‌ಗೆ ಒಪ್ಪಿಸುತ್ತಾರೆ. ಇದನ್ನು ಚಾಚಾ ಅವರೇ ಇವತ್ತು ಇಲ್ಲೇ ಅವರಿರುವ ಕಾಪೆಲ್ಲೆ ಊರಿನಿಂದ ಫೋನ್ ಮಾಡಿ ತಿಳಿಸಿದರು.

ಇಲ್ಲಿನ ನಗರಸಭೆಯಲ್ಲಿ, ಅಂದರೆ ಗೆಮೀಂಟೆಯಲ್ಲಿ, ಮದುವೆ ನೋಂದಣಿಯಾಗದೆ ನಿಕಾಹ್ ಮಾಡುವಂತಿಲ್ಲ. ಹಾಗಾಗಿ ಸಿಕ್ಕ ದಿನಾಂಕವನ್ನು ಹಿಡಿದುಕೊಂಡೆ. ಕಾರ್ಡ್ ಮಾಡಿಸಿ, ಕರೆಯುವವರ ಜಾಗದಲ್ಲಿ ನಿಮ್ಮ ಹೆಸರು ಹಾಕಿಸಿ, ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ನಿಮಗೆ ಮೊದಲು ಫೋನ್ ಮಾಡಿರಲಿಲ್ಲ. ಮಗಳ ಮದುವೆಯ ದಿನವನ್ನು ನೀವು ಎಲ್ಲರ ಜೊತೆಯಲ್ಲೇ ಓದಿದಿರಿ. ಅಲ್ಲಿಂದ ಎರಡು ತಿಂಗಳು, ನನ್ನ ಒಂದು ಕರೆಯನ್ನೂ ಎತ್ತಿಲ್ಲ.

"ಭಾಯ್ ಒಪ್ಕೊಂಡ್ರಾ ಅಂತ ಇಮಾಮ್ ಸಾಹೇಬ್ರು ಮೂರು ಸಲ ಕೇಳಿದ್ರು ಸುಬಿಯಾ. ಕೊನೆಗೆ ನಾನೇ ಫೋನ್ ಮಾಡ್ದೆ. 'ನೀನೇ ನಿಂತ್ಕೋ' ಅಂದ್ರಮ್ಮ," ಎಂದರು ಚಾಚಾ.

"ಮತ್ತೇನಂದ್ರು?"

"'ಅಲ್ಲಿ ಎರಡು ಗಂಟೆ ಅಂದ್ರೆ ನಮ್ಗೆ ಎಷ್ಟಾಗುತ್ತೋ?' ಅಂದ್ರು. ನಂಗೆಲ್ಲಿ ಆ ಲೆಕ್ಕ ಬರುತ್ತೆ, ಮಗಳನ್ನೇ ಕೇಳಿ ಅಂದೆ. ಫೋನ್ ಇಟ್ಬಿಟ್ರು."

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾರ್ಲೆಮ್‌ನಲ್ಲಿ ನೋಂದಣಿ. ನಿಕಾಹ್ ಮಧ್ಯಾಹ್ನ ಎರಡಕ್ಕೆ. ನಿಮ್ಮಲ್ಲಿ ಸಂಜೆ ಐದೂವರೆ.