ಮುಂಗುಸಿ ಫೋಟೋದ ಕೆಳಗಿನ ಸುಳ್ಳು

ಅಕ್ಟೋಬರ್ ೧೪, ಮಂಗಳವಾರ

ಸಾರಿ ಡೈರಿ, ನಾಳೆ ಟೆಸ್ಟ್ ಇಟ್ಟುಕೊಂಡು ಇಲ್ಲಿ ಬರೆಯುತ್ತಾ ಕೂತಿದ್ದೇನೆ. ಓದಿದ್ದು ತಲೆಗೆ ಹತ್ತುತ್ತಿಲ್ಲ.

ಹಾಸ್ಟೆಲ್ ಮೆಸ್ ಹಿಂದಿನ ಮುಂಗುಸಿಯ ಫೋಟೋ ನಮ್ಮ ಫೋಟೋ ಕ್ಲಬ್‌ನ ಎಕ್ಸಿಬಿಷನ್‌ಗೆ ಸೆಲೆಕ್ಟ್ ಆಯಿತು. ಫಾರ್ಮ್‌ನಲ್ಲಿ ಲೆನ್ಸ್ ಯಾವುದು ಎಂಬ ಕಾಲಂ ಇತ್ತು. ಅತ್ತೆ ಕೊಟ್ಟ ಹಳೇ ಕ್ಯಾಮೆರಾ ಎಂದು ಬರೆಯಲು ನಾಚಿಕೆಯಾಗಿ, ಕ್ಲಬ್ ನಡೆಸುವ ಸೀನಿಯರ್ ಅಕ್ಕನ ದೊಡ್ಡ ಆರುನೂರು ಎಂಎಂ ಲೆನ್ಸ್ ಎಂದು ಬರೆದುಬಿಟ್ಟೆ. ಅದನ್ನು ಅವರು ಒಂದು ದಿನ ಕೊಟ್ಟಿದ್ದು ನಿಜ. ಅದರಲ್ಲಿ ನನಗೆ ಸಿಕ್ಕಿದ್ದು ಬರೀ ಪೊದೆ.

ಇವತ್ತು ಅಕ್ಕ ಎಲ್ಲರೆದುರು, "ನೋಡ್ರೇ, ಲೆನ್ಸ್ ಅಂದ್ರೆ ಇದು! ಇವಳ ಕೈಯಲ್ಲೂ ಇಂಥ ಫೋಟೋ ಬಂತು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಜೊತೆಗೇ ಕ್ಲಬ್ ಸೇರಿದ ರೂಮ್‌ಮೇಟ್ ಮಾತ್ರ ನಗಲಿಲ್ಲ. ರೂಮಿಗೆ ಬಂದವಳೇ ತನ್ನ ಪುಟ್ಟ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಈ ಡಬ್ಬಾದಲ್ಲಿ ಏನ್ ಬರುತ್ತೆ, ಬಿಡೇ. ನಾಳೆ ಕ್ಲಬ್ ಬಿಡ್ತೀನಿ ಅಂತ ಹೇಳಿಬಿಡ್ತೀನಿ."

ದೂರದ ಹಕ್ಕಿಗೆ ದೊಡ್ಡ ಲೆನ್ಸ್ ಬೇಕು, ಒಪ್ಪುತ್ತೇನೆ. ಆದರೆ ನಾನು ಹನ್ನೊಂದು ದಿನ ಬೆಳಗ್ಗೆ ನೀರಿನ ಟ್ಯಾಂಕ್ ಪಕ್ಕ ಸದ್ದಿಲ್ಲದೆ ಕೂತಿದ್ದೆ. ಕೊನೆಗೆ ಮುಂಗುಸಿ ನನ್ನನ್ನು ಲೆಕ್ಕಕ್ಕೇ ಇಡದೆ ಮರಿಗಳನ್ನು ನನ್ನ ಚಪ್ಪಲಿಯವರೆಗೂ ಕರೆತಂದಿತು. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ಸುಸ್ತಾಗಿದೆ. ಈಗಷ್ಟೇ ಅಕ್ಕನಿಗೆ ಕಳಿಸಿದ್ದನ್ನು ಇಲ್ಲೂ ಬರೆದಿಡುತ್ತೇನೆ, ಬೆಳಗ್ಗೆ ನಾನೇ ಮಾತು ಬದಲಿಸಬಾರದು.

"ಅಕ್ಕಾ, ಫಾರ್ಮ್‌ನಲ್ಲಿ ಸುಳ್ಳು ಬರೆದೆ. ಮುಂಗುಸಿ ತೆಗೆದಿದ್ದು ನನ್ನ ಹಳೇ ಕ್ಯಾಮೆರಾದಲ್ಲೇ. ಫೋಟೋ ಕೆಳಗಿನ ಲೇಬಲ್ ಪ್ರಿಂಟ್ ಆಗೋದರೊಳಗೆ ಬದಲಾಯಿಸಿ. ಎಲ್ಲರಿಗೂ ನಾನೇ ಹೇಳ್ತೀನಿ. ಬೇಗ ರಿಪ್ಲೈ ಮಾಡಿ."